ಶೀಟಿನಲ್ಲಿ ಎಲ್ಲ ಹಸಿರು, ಕಾರು ಮಾತ್ರ ಎಡಕ್ಕೆ

ಗುಂಪು: ಮನೆ ಮಂದಿ

ಸಿರ್ಸಿ ಅಣ್ಣ: (ಎರಡು ಫೋಟೋ) ಹೊಸ ಕಾರು ತೋರಿಸಲು ಹುಬ್ಬಳ್ಳಿ ಶೋರೂಮಿಗೆ ಹೋಗಿ ಈಗ ಮನೆ ಮುಟ್ಟಿದೆ. ಒಂದು ಜಾಬ್ ಕಾರ್ಡ್, ಇನ್ನೊಂದು ಅಲೈನ್‌ಮೆಂಟ್ ಶೀಟ್, ಅಂದರೆ ಚಕ್ರಗಳ ಓರೆ ಅಳೆದ ಪಟ್ಟಿ. "ಎಲ್ಲಾ ಹಸಿರು ಇದೆ ಸರ್, ಗಾಡಿ ಸರಿ ಇದೆ, ನಿಮ್ಮ ಕಡೆ ರಸ್ತೆ ಓರೆ" ಎಂದು ಕಳಿಸಿದರು. ಮುಂಡಗೋಡ ದಾಟುವಷ್ಟರಲ್ಲಿ ತೋಳು ಬಿದ್ದುಹೋಯಿತು. ಸ್ಟೇರಿಂಗ್ ಸ್ವಲ್ಪ ಸಡಿಲ ಬಿಟ್ಟರೂ ಎಡಕ್ಕೆ ಎಳೆಯುತ್ತದೆ. ತಂದ ದಿನದಿಂದ ಇದೇ ಕತೆ.

ಕುಮಟಾ ಮಾವ: ಅವರು ಹೇಳಿದ್ದು ಸುಳ್ಳಲ್ಲ ತಮಾ. ನೀರು ಹರಿದುಹೋಗಲಿ ಎಂದು ರಸ್ತೆಯ ನಡುವನ್ನು ಎತ್ತರ ಮಾಡಿ, ಅಂಚು ತಗ್ಗಿಸುತ್ತಾರೆ. ನಾವು ಎಡಗಡೆ ಹೋಗುವವರು. ಗಾಡಿ ಎಡಕ್ಕೆ ಜಾರದೆ ಇನ್ನೆಲ್ಲಿಗೆ ಜಾರಬೇಕು? ದೇವಿಮನೆ ಘಟ್ಟದಲ್ಲಿ ವರ್ಷಗಟ್ಟಲೆ ಬಸ್ ಹತ್ತಿಸಿ ಇಳಿಸಿದವ ನಾನು. ಎಲ್ಲ ಬಸ್ಸೂ ಎಡಕ್ಕೇ ಎಳೆಯುತ್ತಿತ್ತು. ಯಾರಿಗೂ ದೂರು ಕೊಡಲಿಲ್ಲ.

ಹುಬ್ಬಳ್ಳಿ ಭಾವ: ಮಾವನವರು ಸರಿಯಾಗಿ ಹೇಳಿದರು ನೋಡ್ರಿ. ಆ ಮ್ಯಾನೇಜರ್ ನನಗೆ ಗೊತ್ತಿರುವವರು, ಗಾಡಿ ಬುಕ್ ಮಾಡಿಸಿದ್ದೂ ನಾನೇ. ಸುಮ್ನೆ ಜಗಳ ಬೇಡ. 1,000 ಕಿ.ಮೀ. ಸರ್ವೀಸ್‌ಗೆ ಬಂದಾಗ ಇನ್ನೊಮ್ಮೆ ನೋಡಿದರಾಯಿತು.

ಸಿರ್ಸಿ ಅಣ್ಣ: ಗೊತ್ತಿರುವವರು ಎಂದೇ ಇಷ್ಟು ದಿನ ಸುಮ್ಮನಿದ್ದೆ ಭಾವ.

ಬೆಂಗಳೂರು ತಂಗಿ: ಅಷ್ಟೆಲ್ಲ ಯಾಕೆ? ಸಿರ್ಸಿಯಲ್ಲೇ ಟಯರ್ ಅಂಗಡಿಯಲ್ಲಿ ಅಲೈನ್‌ಮೆಂಟ್ ಮಾಡಿಸಿಬಿಡು. ಅರ್ಧ ಗಂಟೆ ಕೆಲಸ.

ನಾನು: ಬೇಡ, ತಡಿ. ಅವರು ಟೈ ರಾಡ್, ಅಂದರೆ ಸ್ಟೇರಿಂಗನ್ನು ಚಕ್ರಕ್ಕೆ ಜೋಡಿಸುವ ಸರಳು, ತಿರುಗಿಸಿಬಿಟ್ಟರೆ ಶೋರೂಮಿನವರಿಗೆ ಒಳ್ಳೆ ನೆಪ ಸಿಗುತ್ತದೆ. "ಹೊರಗಿನವರು ಕೈ ಹಾಕಿದ್ದಾರೆ" ಎಂದು ಕೈ ತೊಳೆದುಕೊಳ್ಳುತ್ತಾರೆ. ಬರೀ ಅಳತೆ ತೆಗೆಸಿ ಪ್ರಿಂಟ್ ತರುವುದಾದರೆ ಅಡ್ಡಿಲ್ಲ. ಆದರೆ ಅದೂ ಈಗ ಬೇಡ. ಅಣ್ಣ ಹಾಕಿದ ಶೀಟಿನಲ್ಲೇ ಬೇಕಾದದ್ದು ಇದೆ.

ಮುಂದಿನ ಚಕ್ರಗಳ ಕ್ಯಾಂಬರ್, ಅಂದರೆ ಚಕ್ರ ಎಷ್ಟು ವಾಲಿದೆ ಎನ್ನುವ ಸಾಲು ದೊಡ್ಡದು ಮಾಡಿ ನೋಡಿ. ಎಡ ಚಕ್ರ ಪ್ಲಸ್ 20 ಮಿನಿಟ್, ಬಲ ಚಕ್ರ ಮೈನಸ್ 25 ಮಿನಿಟ್. ಕಂಪನಿಯ ಮಿತಿ ಮೈನಸ್ 30 ರಿಂದ ಪ್ಲಸ್ 30. ಎರಡೂ ಮಿತಿಯೊಳಗೇ ಇವೆ, ಅದಕ್ಕೇ ಹಸಿರು. ಆದರೆ ಎರಡರ ನಡುವಿನ ಅಂತರ 45 ಮಿನಿಟ್. ಡಿಗ್ರಿಗೆ 60 ಮಿನಿಟ್, ಅಂದರೆ ಮುಕ್ಕಾಲು ಡಿಗ್ರಿ. ಪ್ಲಸ್ ಎಂದರೆ ಚಕ್ರದ ಮೇಲ್ಭಾಗ ಹೊರಕ್ಕೆ ವಾಲಿದೆ, ಮೈನಸ್ ಎಂದರೆ ಒಳಕ್ಕೆ. ಜಾಸ್ತಿ ಪ್ಲಸ್ ಇರುವ ಕಡೆಗೆ ಗಾಡಿ ಎಳೆಯುತ್ತದೆ. ಅಂತರ ಅರ್ಧ ಡಿಗ್ರಿ ದಾಟಿದರೆ ಕೈಗೆ ಗೊತ್ತಾಗುತ್ತದೆ ಎನ್ನುವುದು ಈ ಕೆಲಸದವರ ಲೆಕ್ಕ. ಇಲ್ಲಿ ಪ್ಲಸ್ ಇರುವುದು ಎಡಕ್ಕೆ, ಗಾಡಿ ಹೋಗುವುದೂ ಎಡಕ್ಕೆ.

ಹುಬ್ಬಳ್ಳಿ ಭಾವ: ನೀನು ಐಟಿಐನಲ್ಲಿ ಪಾಠ ಮಾಡುವವ, ನಿನಗೆ ಎಲ್ಲದರಲ್ಲೂ ದೋಷ ಕಾಣುತ್ತದೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಸರಿ ಇದೆ ಎಂದರೆ ಸರಿ ಇದೆ.

ನಾನು: ಭಾವ, ಯಂತ್ರ ಸುಳ್ಳು ಹೇಳಿಲ್ಲ. ಒಂದೊಂದು ಚಕ್ರವನ್ನು ಬೇರೆ ಬೇರೆ ಅಳೆದು ಬಣ್ಣ ಹಾಕಿದೆ. ಎಡಬಲ ಹೋಲಿಸಿ ನೋಡಬೇಕಾದವರು ಯಂತ್ರದ ಮುಂದೆ ನಿಂತವರು.

ಕುಮಟಾ ಮಾವ: ಹಾಗಾದರೆ ತಿರುಗಿಸಿ ಸರಿ ಮಾಡಿಕೊಡಬಹುದಿತ್ತಲ್ಲ. ಅದಕ್ಕೇ ತಾನೆ ಹೋದದ್ದು.

ನಾನು: ಅಲ್ಲೇ ಇರುವುದು ಕಷ್ಟ ಮಾವ. ಇಂಥ ಚಿಕ್ಕ ಕಾರುಗಳಲ್ಲಿ ಸುಲಭವಾಗಿ ತಿರುಗಿಸಿ ಸರಿ ಮಾಡುವಂಥದ್ದು ಮುಂದಿನ ಟೋ ಒಂದೇ, ಅಂದರೆ ಚಕ್ರದ ಮೂತಿ ಒಳಕ್ಕಿದೆಯೋ ಹೊರಕ್ಕಿದೆಯೋ ಎನ್ನುವುದು. ಕ್ಯಾಂಬರ್‌ಗೆ ತಿರುಪು ಇರುವುದಿಲ್ಲ. ಶೀಟಿನಲ್ಲಿ ಮೊದಲು, ನಂತರ ಎಂದು ಎರಡು ಕಾಲಂ ಇದೆ ನೋಡಿ. ಬದಲಾದದ್ದು ಟೋ ಮಾತ್ರ. ಅದರಿಂದ ಸ್ಟೇರಿಂಗ್ ನೇರ ನಿಲ್ಲುತ್ತದೆ, ಟಯರ್ ಬೇಗ ಸವೆಯುವುದಿಲ್ಲ. ಎಳೆತ ಮಾತ್ರ ಹಾಗೇ ಉಳಿಯುತ್ತದೆ.

ಕುಮಟಾ ಮಾವ: ನಾನು ಹೇಳಿದ ರಸ್ತೆಯ ಮಾತು ಹಾಗೇ ಉಳಿಯಿತು.

ನಾನು: ಅದೂ ಸರಿಯೇ. ಡಾಂಬರು ರಸ್ತೆಗೆ ನೂರಕ್ಕೆ 2 ರಿಂದ 2.5 ರಷ್ಟು ಓರೆ ಇರುತ್ತದೆ, ನಮ್ಮಂಥ ಮಳೆ ಸೀಮೆಯಲ್ಲಿ ಜಾಸ್ತಿ ಕಡೆಯದ್ದು. 3.5 ಮೀಟರ್ ಅಗಲದ ಲೇನಿನಲ್ಲಿ ಹತ್ತಿರ ಹತ್ತಿರ 9 ಸೆಂ.ಮೀ. ಇಳಿಜಾರು. ಯಾವ ಗಾಡಿಯೂ ಸ್ವಲ್ಪ ಜಾರುತ್ತದೆ. ರಸ್ತೆಯದ್ದೋ ಗಾಡಿಯದ್ದೋ ನೋಡಲು ಒಂದು ದಾರಿ ಇದೆ. ಅಣ್ಣ, ನಾಳೆ ಬೆಳಿಗ್ಗೆ ವಾಹನ ಇಲ್ಲದ ಹೊತ್ತಿಗೆ ಬನವಾಸಿ ರಸ್ತೆಯಲ್ಲಿ ನೇರ ಇರುವ ಕಡೆ ಹೋಗು. ಹಿಂದೆ ಮುಂದೆ ನೋಡಲು ಒಬ್ಬರನ್ನು ಕೂರಿಸಿಕೋ. ನಡು ಗೆರೆ ಗಾಡಿಯ ಹೊಟ್ಟೆಯ ಕೆಳಗೆ ಬರುವಂತೆ ಸ್ವಲ್ಪ ದೂರ ಹೋಗು, ಅಲ್ಲಿ ಓರೆ ಎರಡೂ ಕಡೆ ಸಮ. ಆಮೇಲೆ ಬಲ ಅರ್ಧದಲ್ಲಿ ಸ್ವಲ್ಪ ದೂರ. ರಸ್ತೆಯದ್ದೇ ತಪ್ಪಾದರೆ ಅಲ್ಲಿ ಬಲಕ್ಕೆ ಜಾರಬೇಕು. ಹೊರಡುವ ಮೊದಲು ನಾಲ್ಕೂ ಚಕ್ರದ ಗಾಳಿ ನೋಡಿಸು, ಇಲ್ಲದಿದ್ದರೆ ಈ ಪರೀಕ್ಷೆಗೆ ಅರ್ಥವೇ ಇಲ್ಲ.

ಕಾರವಾರ ಅಕ್ಕ: ಕೋರ್ಟಿನಿಂದ ಈಗ ಬಂದೆ. ನೀವೆಲ್ಲ ಶೀಟ್ ನೋಡುತ್ತಿದ್ದೀರಿ. ಜಾಬ್ ಕಾರ್ಡ್ ಯಾರಾದರೂ ಓದಿದಿರಾ? ಗ್ರಾಹಕರ ದೂರು ಎನ್ನುವ ಜಾಗದಲ್ಲಿ "ಅಲೈನ್‌ಮೆಂಟ್ ಚೆಕ್" ಎಂದಷ್ಟೇ ಇದೆ. ಕೆಳಗೆ "ಚೆಕ್ ಮಾಡಲಾಗಿದೆ, ಓಕೆ". ಅದರ ಕೆಳಗೆ ತಮ್ಮನ ಸಹಿ. ಗಾಡಿ ಎಳೆಯುತ್ತದೆ ಎಂಬ ಮಾತೇ ಕಾಗದದ ಮೇಲೆ ಇಲ್ಲ.

ಸಿರ್ಸಿ ಅಣ್ಣ: ನಾನು ಬಾಯಲ್ಲಿ ಸಾವಿರ ಸಲ ಹೇಳಿದೆ ಅಕ್ಕ.

ಕಾರವಾರ ಅಕ್ಕ: ಬಾಯಲ್ಲಿ ಹೇಳಿದ್ದು ಗೇಟ್ ದಾಟಿದ ಮೇಲೆ ಗಾಳಿಗೆ ಹೋಯಿತು. ಇವತ್ತೇ ಈಮೇಲ್ ಹಾಕು. ಶೋರೂಮಿಗೆ ಹಾಕಿ, ಕಂಪನಿಯ ಗ್ರಾಹಕ ವಿಭಾಗಕ್ಕೆ ಪ್ರತಿ ಕಳಿಸು. ಡೆಲಿವರಿ ದಿನಾಂಕ, ಕಿ.ಮೀ., ಎಡಕ್ಕೆ ಎಳೆಯುತ್ತದೆ, ಈ ಶೀಟಿನಲ್ಲಿ 45 ಮಿನಿಟ್ ಅಂತರ ಇದೆ. ಇಷ್ಟೇ ಸಾಕು. ಸಿಟ್ಟು ಬೇಡ, ವಿಶೇಷಣ ಬೇಡ. ಮುಂದಿನ ಸಲ ಜಾಬ್ ಕಾರ್ಡಿನಲ್ಲಿ ನಿನ್ನ ಮಾತಿನಲ್ಲೇ ದೂರು ಬರೆಸಿ, ಓದಿ, ಆಮೇಲೆ ಸಹಿ.

ಬೆಂಗಳೂರು ತಂಗಿ: ನೇರ ಗ್ರಾಹಕರ ಕೋರ್ಟಿಗೆ ಹಾಕಿ ಅಕ್ಕ! ಹೊಸ ಗಾಡಿ ಕೊಡಲಿ.

ಕಾರವಾರ ಅಕ್ಕ: ಕೇಸು ನಡೆಸುವವಳು ನಾನು, ನೀನಲ್ಲ 😀 ಆ ದಾರಿ ಇದೆ. ಗಾಡಿ ಕೊಂಡದ್ದು ಹುಬ್ಬಳ್ಳಿಯಲ್ಲಿ ಆದರೂ 2019 ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ವಾಸ ಇರುವ ಜಿಲ್ಲೆಯಲ್ಲೇ, ಅಂದರೆ ಕಾರವಾರದಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ರಿಂದ 10 ಲಕ್ಷದ ಒಳಗಿದ್ದರೆ ಶುಲ್ಕ 200 ರೂಪಾಯಿ. ಎರಡು ವರ್ಷದವರೆಗೆ ಸಮಯ ಇದೆ. ಅದಕ್ಕೂ ಮೊದಲು 1915 ಕ್ಕೆ ಫೋನ್ ಮಾಡಿದರೆ ಸಹಾಯವಾಣಿಯವರು ಕಂಪನಿಗೆ ದೂರು ಮುಟ್ಟಿಸುತ್ತಾರೆ. ಆದರೆ ಸರಿ ಮಾಡಿಕೊಡಲು ಅವಕಾಶವನ್ನೇ ಕೊಡದೆ ಹೊಸ ಗಾಡಿ ಕೇಳಿದರೆ ಯಾರೂ ಕೊಡುವುದಿಲ್ಲ.

ಹುಬ್ಬಳ್ಳಿ ಭಾವ: ಕೋರ್ಟು ಕಚೇರಿ ಎಂದರೆ ನಾನು ಅವರ ಮುಖ ನೋಡುವುದು ಹೇಗೆ?

ಕುಮಟಾ ಮಾವ: ಅಳಿಯಂದಿರೇ, ದುಡ್ಡು ಕೊಟ್ಟವರು ನಾವು. ಮುಖ ತಪ್ಪಿಸಬೇಕಾದವರು ಅವರು.

(ಇಷ್ಟು ಹೊತ್ತು ಶೋರೂಮಿನ ಪರ ಇದ್ದ ಮಾವ ಯಾವಾಗ ಈ ಕಡೆ ಬಂದರೋ ಗೊತ್ತಿಲ್ಲ. ನಾನು ಕೇಳಲಿಲ್ಲ.)

ಮರುದಿನ

ಸಿರ್ಸಿ ಅಣ್ಣ: ಬನವಾಸಿ ರಸ್ತೆ ಮುಗಿಸಿ ಬಂದೆ. ಗಾಳಿ ಸರಿ ಇದೆ. ನಡುವೆ ಹೋದಾಗಲೂ ಎಡಕ್ಕೆ. ಬಲ ಅರ್ಧದಲ್ಲಿ ಸ್ವಲ್ಪ ಕಡಿಮೆ, ಆದರೂ ಎಡಕ್ಕೇ.

ಕುಮಟಾ ಮಾವ: ಬಲ ಅರ್ಧದಲ್ಲಿ ಎಡಕ್ಕೆ ಹೋಗುವುದೆಂದರೆ ಏರಿಗೆ ಹತ್ತಿದ ಹಾಗೆ. ಆಯ್ತು, ರಸ್ತೆಯದ್ದಲ್ಲ.

ಸಿರ್ಸಿ ಅಣ್ಣ: ಈಮೇಲ್‌ಗೆ ಉತ್ತರವೂ ಬಂತು. ಗುರುವಾರ ಬನ್ನಿ, ವರ್ಕ್ಸ್ ಮ್ಯಾನೇಜರ್ ಸ್ವತಃ ಜೊತೆಗೆ ಕೂತು ಓಡಿಸಿ ನೋಡುತ್ತಾರೆ ಎಂದಿದ್ದಾರೆ.

ನಾನು: ಒಳ್ಳೇದಾಯ್ತು. ಅಲ್ಲಿ ಮೊದಲು ಮುಂದಿನ ಎರಡು ಟಯರ್ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಹಾಕಿಸು. ಹೊಸ ರೇಡಿಯಲ್ ಟಯರಿನಲ್ಲೂ ಒಳಗಿನ ಬೆಲ್ಟ್ ಒಂದು ಬದಿಗೆ ಸರಿದಿದ್ದರೆ ಗಾಡಿ ಎಳೆಯುತ್ತದೆ. ಅಲೈನ್‌ಮೆಂಟ್ ಯಂತ್ರಕ್ಕೆ ಅದು ಕಾಣುವುದೇ ಇಲ್ಲ. ಅದಲು ಬದಲು ಮಾಡಿದ ಮೇಲೆ ಬಲಕ್ಕೆ ಎಳೆದರೆ ಟಯರಿನದ್ದು, ಎಡಕ್ಕೇ ಎಳೆದರೆ ಕೆಳಗಿನ ಚೌಕಟ್ಟಿನದ್ದು. ಓಡಿಸಿ ಬಂದ ಕೂಡಲೇ ನಾಲ್ಕೂ ಚಕ್ರದ ಬ್ರೇಕಿನ ಹತ್ತಿರ ಕೈ ತಂದು ನೋಡಲು ಹೇಳು, ಮುಟ್ಟಬೇಡಿ. ಎಡಗಡೆಯದ್ದು ಮಾತ್ರ ಕಾದಿದ್ದರೆ ಬ್ರೇಕ್ ಹಿಡಿಯುತ್ತಿದೆ ಎಂದರ್ಥ.

ಗುರುವಾರ

ಸಿರ್ಸಿ ಅಣ್ಣ: ಮ್ಯಾನೇಜರ್ ಓಡಿಸಿದರು. "ಹೌದು, ಎಳೆಯುತ್ತದೆ" ಎಂದು ಒಪ್ಪಿಕೊಂಡರು. ಟಯರ್ ಅದಲು ಬದಲು ಆಯ್ತು, ಆದರೂ ಎಡಕ್ಕೆ. ಬ್ರೇಕ್ ತಣ್ಣಗಿದೆ. ಈಗ ಹೊಸ ರಾಗ: ಗುಂಡಿಗೆ ಬಿದ್ದು ಏನೋ ಬಾಗಿರಬೇಕು, ವಾರಂಟಿಯಲ್ಲಿ ಬರುವುದಿಲ್ಲವಂತೆ.

ಹುಬ್ಬಳ್ಳಿ ಭಾವ: ನಿಜ ಹೇಳು, ಎಲ್ಲಾದರೂ ಬಿದ್ದಿತ್ತಾ? ಅರಬೈಲ್ ಕಡೆ ಹೋಗಿದ್ದೆಯಲ್ಲ.

ಸಿರ್ಸಿ ಅಣ್ಣ: ಮೊದಲ ದಿನ ಶೋರೂಮಿನಿಂದ ಮನೆಗೆ ಬರುವಾಗಲೇ ಎಳೆಯುತ್ತಿತ್ತು ಭಾವ! ನಿಮಗೇ ಫೋನ್ ಮಾಡಿ ಹೇಳಿದ್ದೆ.

ನಾನು: ಅಣ್ಣ, ಅವರಿಗೆ ಇದೊಂದು ಕೇಳು. ಗುಂಡಿಗೆ ಬಿದ್ದರೆ ಸಾಮಾನ್ಯವಾಗಿ ಬಿದ್ದ ಬದಿಯ ಅಂಕಿ ಮಾತ್ರ ಕೆಡುತ್ತದೆ, ರಿಮ್ಮಿಗೂ ಗುರುತು ಇರುತ್ತದೆ. ಇಲ್ಲಿ ಒಂದು ಕಡೆ 20 ಹೆಚ್ಚು, ಇನ್ನೊಂದು ಕಡೆ 25 ಕಡಿಮೆ. ಎರಡೂ ಚಕ್ರ ಹತ್ತಿರ ಹತ್ತಿರ ಒಂದೇ ಅಳತೆಗೆ ಒಂದೇ ಬದಿಗೆ ವಾಲಿವೆ. ಎಂಜಿನ್ ಕೆಳಗಿನ ಸಬ್‌ಫ್ರೇಮ್, ಅಂದರೆ ಮುಂದಿನ ಚಕ್ರಗಳ ಕೆಳತೋಳು ಕೂತಿರುವ ಚೌಕಟ್ಟು, ಬೋಲ್ಟ್ ಬಿಗಿಯುವಾಗಲೇ ಬಲಕ್ಕೆ ಸರಿದು ಕೂತಿದ್ದರೆ ಹೀಗಾಗುತ್ತದೆ. ಲಿಫ್ಟ್ ಮೇಲೆ ಏರಿಸಿ ಬೋಲ್ಟ್ ಸಡಿಲಿಸಿ ನೋಡಲಿ. ರಿಮ್ಮಿನ ಫೋಟೋ ಅವರ ಎದುರೇ ತೆಗೆದುಕೋ.

ಕಾರವಾರ ಅಕ್ಕ: ಗುಂಡಿ ಎಂದು ಅವರು ಹೇಳುವುದಾದರೆ ಯಾವ ಭಾಗ ಬಾಗಿದೆ ಎಂದು ಬರೆದು ಕೊಡಲಿ. ಬರೆಯುವುದಿಲ್ಲ, ನೋಡು.

ಸಿರ್ಸಿ ಅಣ್ಣ: ಬರೆಯಲಿಲ್ಲ ಅಕ್ಕ. ಮ್ಯಾನೇಜರ್ ಒಳಗೆ ಹೋಗಿ ಬಂದು "ಲಿಫ್ಟಿಗೆ ಹಾಕಿ" ಎಂದರು. ನಾನೂ ಕೆಳಗೆ ನಿಂತು ನೋಡುತ್ತಿದ್ದೇನೆ. ಹುಡುಗ ಚುರುಕಾಗಿದ್ದಾನೆ. ಬೋಲ್ಟ್ ಸಡಿಲ ಮಾಡಿ ಸಬ್ಬಲು ಹಾಕಿ ಎಡಕ್ಕೆ ತಳ್ಳಿದ. ಸರಿದದ್ದು ಮೂರೋ ನಾಲ್ಕೋ ಮಿ.ಮೀ. ಬೋಲ್ಟಿನ ವಾಷರ್ ಕೂತಿದ್ದ ಕಡೆ ಹೊಳೆಯುವ ಅರ್ಧಚಂದ್ರದ ಗುರುತು ಕಂಡಿತು.

ನಾನು: ಆ ಗುರುತಿನ ಫೋಟೋ ತೆಗಿ!

ಸಿರ್ಸಿ ಅಣ್ಣ: (ಫೋಟೋ) (ಫೋಟೋ) ಹೊಸ ಶೀಟ್. ಎಡ 0, ಬಲ ಮೈನಸ್ 5. ಟೋ ಮತ್ತೆ ಕೂರಿಸಿ, ಸ್ಟೇರಿಂಗ್ ಸೆನ್ಸರ್ ಸೊನ್ನೆ ಮಾಡಿದ್ದಾರೆ. ಗೋಕುಲ ರಸ್ತೆಯಲ್ಲಿ ಓಡಿಸಿ ಬಂದೆವು. ಒಂಚೂರು ಎಡಕ್ಕೆ ಜಾರುತ್ತದೆ.

ಕುಮಟಾ ಮಾವ: ಅದು ರಸ್ತೆಯದ್ದು.

ನಾನು: ಹೌದು ಮಾವ, ಅದು ರಸ್ತೆಯದ್ದು.

ಹುಬ್ಬಳ್ಳಿ ಭಾವ: ನೋಡಿದಿರಾ, ಕೊನೆಗೆ ನಮ್ಮ ಶೋರೂಮಿನವರೇ ಸರಿ ಮಾಡಿಕೊಟ್ಟರು. ಸುಮ್ನೆ ಅವರನ್ನು ಬೈದಿರಿ.

ಬೆಂಗಳೂರು ತಂಗಿ: ಭಾವ 🙏🙏

ಸಿರ್ಸಿ ಅಣ್ಣ: ಇನ್ನೂ ಮುಗಿದಿಲ್ಲ. ಬಿಲ್ಲಿನಲ್ಲಿ ಅಲೈನ್‌ಮೆಂಟ್, ಬ್ಯಾಲೆನ್ಸಿಂಗ್ ಎರಡಕ್ಕೂ ದುಡ್ಡು ಹಾಕಿದ್ದಾರೆ. ಅಲೈನ್‌ಮೆಂಟ್ ವಾರಂಟಿಯಲ್ಲಿ ಬರುವುದಿಲ್ಲ ಎನ್ನುತ್ತಾರೆ.

ಕಾರವಾರ ಅಕ್ಕ: ಸುಮ್ನೆ ಬಂದು ಅಲೈನ್‌ಮೆಂಟ್ ಮಾಡಿಸಿದರೆ ಬರುವುದಿಲ್ಲ, ಅದು ಸರಿ. ಇಲ್ಲಿ ಸಬ್‌ಫ್ರೇಮ್ ಸರಿಪಡಿಸಿದ್ದು ವಾರಂಟಿ ಕೆಲಸ, ಅದಕ್ಕೆ ಕೈ ಹಾಕಿದ ಮೇಲೆ ಅಲೈನ್‌ಮೆಂಟ್ ಆಗಲೇಬೇಕು. ಬ್ಯಾಲೆನ್ಸಿಂಗ್ ನೀನು ಕೇಳಿದ್ದೆಯಾ?

ಸಿರ್ಸಿ ಅಣ್ಣ: ಇಲ್ಲ. ಮಾಡಿದ್ದೂ ಕಾಣೆ.

ಕಾರವಾರ ಅಕ್ಕ: ಹಾಗಾದರೆ ಎರಡೂ ಹೊಡೆದುಹಾಕಲಿ. ಮಾಡಿದ ಕೆಲಸದ ಜಾಗದಲ್ಲಿ "ಸಬ್‌ಫ್ರೇಮ್ ಸ್ಥಾನ ಸರಿಪಡಿಸಲಾಗಿದೆ" ಎಂದು ಬರೆಸು. ನಾಳೆ ಮತ್ತೆ ಸರಿದರೆ ಬೇಕಾಗುತ್ತದೆ. ಅಲ್ಲಿಯವರೆಗೆ ಸಹಿ ಹಾಕಬೇಡ.

ಹುಬ್ಬಳ್ಳಿ ಭಾವ: ತಡಿ, ನಾನೇ ಮ್ಯಾನೇಜರ್‌ಗೆ ಫೋನ್ ಮಾಡುತ್ತೇನೆ. ಇದೊಂದು ನನಗೆ ಬಿಡಿ.

ಸಿರ್ಸಿ ಅಣ್ಣ: ಬಿಲ್ ಸೊನ್ನೆ ಆಯ್ತು. ಬರೆದೂ ಕೊಟ್ಟರು. ಭಾವ, ಹೊರಟೆ, ಊಟಕ್ಕೆ ನಿಮ್ಮಲ್ಲಿಗೇ ಬರುತ್ತಿದ್ದೇನೆ. ಅಕ್ಕಿ ಜಾಸ್ತಿ ಹಾಕಿಸಿ.