ಅಪ್‌ಡೇಟ್: ಡೆಂಗ್ಯೂ ನಂತರ ತಂಗಿಯ ಕೂದಲು ಉದುರುತ್ತಿದ್ದ ವಿಷಯ

ಡೆಂಗ್ಯೂ ವಾಸಿಯಾಗಿ ಮೂರು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಬರ್ತಿದೆ, ಹಿಮೋಗ್ಲೋಬಿನ್ 12.4 ಇದೆ, ಮತ್ತೇನು ಕಾರಣ ಅಂತ ಕೇಳಿದ್ದೆ.

‘ಫೆರಿಟಿನ್ (ಮೈಯಲ್ಲಿ ಕಬ್ಬಿಣದ ದಾಸ್ತಾನು ಎಷ್ಟಿದೆ ಅಂತ ತೋರಿಸೋ ರಕ್ತಪರೀಕ್ಷೆ) ಮಾಡಿಸಿ’ ಅಂದವರ ಮಾತೇ ನಿಜವಾಯ್ತು. 11 ಬಂತು, ಅಂದರೆ ಕಡಿಮೆ. ಹಿಮೋಗ್ಲೋಬಿನ್ ಸರಿಯಿದ್ದರೂ ಕಬ್ಬಿಣದ ದಾಸ್ತಾನು ಬರಿದಾಗಿರಬಹುದು. ಚರ್ಮದ ಡಾಕ್ಟರು ನೋಡಿದಾಗ ಬೈತಲೆ ಅಗಲವಾಗಿರಲಿಲ್ಲ, ತಲೆ ಪೂರ್ತಿ ಒಂದೇ ಸಮ ಉದುರುತ್ತಿತ್ತು. ಇದು ಟೆಲೋಜೆನ್ ಎಫ್ಲೂವಿಯಮ್: ಜೋರು ಜ್ವರಕ್ಕೆ ಎಷ್ಟೋ ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿ, ಎರಡು-ಮೂರು ತಿಂಗಳ ಮೇಲೆ ಉದುರುತ್ತವೆ. ಬೈತಲೆ ಅಗಲವಾಗ್ತಾ ಹೋದರೆ ಅದು ಬೇರೆಯೇ ಕಾಯಿಲೆ, ಕೂದಲು ಬೆಳೆಸೋ ಔಷಧಿ ಮಿನಾಕ್ಸಿಡಿಲ್ ವಿಚಾರ ಅಲ್ಲಿ ಬರುತ್ತೆ.

ಕಬ್ಬಿಣದ ಮಾತ್ರೆ ದಿನ ಬಿಟ್ಟು ದಿನ, ಖಾಲಿ ಹೊಟ್ಟೆಗೆ, ನಿಂಬೆ ಪಾನಕದ ಜೊತೆ. ಕಾಫಿ, ಟೀ, ಹಾಲು ಎರಡು ಗಂಟೆ ದೂರ. ಇಲ್ಲದಿದ್ದರೆ ಕಬ್ಬಿಣ ಮೈಗೆ ಸರಿಯಾಗಿ ಹತ್ತಲ್ಲ. ಮಲ ಕಪ್ಪಾಗುತ್ತೆ, ಗಾಬರಿ ಬೇಡ.

ಈರುಳ್ಳಿ ರಸದಿಂದ ಬಂದದ್ದು ತುರಿಕೆ ಮಾತ್ರ.

ಗೊತ್ತೇ ಇರದ ಸಂಗತಿ ಕೂದಲಿಗೆ ಅಂತ ತಗೊಳ್ಳೋ ಬಯೋಟಿನ್ ವಿಟಮಿನ್‌ದು. ಹೆಚ್ಚು ಡೋಸಿನ ಬಯೋಟಿನ್ ಕೆಲವು ಲ್ಯಾಬ್ ವಿಧಾನಗಳಲ್ಲಿ ಟಿಎಸ್‌ಎಚ್ (ಥೈರಾಯ್ಡ್ ಟೆಸ್ಟಿನಲ್ಲಿ ನೋಡೋ ಹಾರ್ಮೋನು) ಅನ್ನು ಸುಳ್ಳೇ ಕಡಿಮೆ ತೋರಿಸುತ್ತೆ. ಥೈರಾಯ್ಡ್ ಟೆಸ್ಟಿಗೆ ಕನಿಷ್ಠ ಎರಡು ದಿನ ಮೊದಲೇ ನಿಲ್ಲಿಸಿ. ನಿಲ್ಲಿಸಿ ಮಾಡಿಸಿದಾಗ ನಾರ್ಮಲ್ ಬಂತು.

ಈಗ ಉದುರೋದು ತಗ್ಗಿದೆ, ಹಣೆಯಂಚಿನಲ್ಲಿ ಮರಿಗೂದಲು ಕಾಣ್ತಿದೆ. ಪೂರ್ತಿ ಶ್ರೇಯಸ್ಸು ಮಾತ್ರೆಗೆ ಕೊಡಲಾರೆ, ಜ್ವರದ ಉದುರುವಿಕೆ ಸಾಮಾನ್ಯವಾಗಿ ಆರು ತಿಂಗಳೊಳಗೆ ತಾನೇ ನಿಲ್ಲುತ್ತೆ. ಮೂರು ತಿಂಗಳಿಗೆ ಮತ್ತೆ ಫೆರಿಟಿನ್ ನೋಡ್ತಾರಂತೆ.