ಗೋವಿನಜೋಳಕ್ಕೆ ಬರೀ ಜೀವಾಮೃತ ಸಾಕಾಗುತ್ತಾ?

ರಾಣೆಬೆನ್ನೂರು_ಹುಡುಗ:
ನಮ್ಮದು ನಾಲ್ಕು ಎಕರೆ, ಪ್ರತಿ ವರ್ಷ ಗೋವಿನಜೋಳ. ಬೀಜ, ಡಿಎಪಿ, ಯೂರಿಯಾ, ಔಷಧಿ ಅಂತ ಅಂಗಡಿ ಉದ್ರಿ ತೀರಿಸುವುದರಲ್ಲೇ ಪೀಕು ಮುಗಿಯುತ್ತದೆ. ಸುಭಾಷ್ ಪಾಳೇಕರ್ ಅವರ ಶೂನ್ಯ ಬಂಡವಾಳ ಕೃಷಿ ಪದ್ಧತಿಯ ವಿಡಿಯೋ ನೋಡಿದೆ. ಒಂದು ಜವಾರಿ ಆಕಳಿದ್ದರೆ ಅದರ ಸಗಣಿ, ಗೋಮೂತ್ರದಿಂದ ಜೀವಾಮೃತ ಅನ್ನೋ ದ್ರಾವಣ ಮಾಡಿ 30 ಎಕರೆ ಮಾಡಬಹುದಂತೆ, ಹೊರಗಿನಿಂದ ಏನೂ ತರಬೇಕಿಲ್ಲವಂತೆ. ಅಪ್ಪ ನಗುತ್ತಾರೆ. ಈ ಸಲ ಡಿಎಪಿ, ಯೂರಿಯಾದಂಥ ಸರ್ಕಾರಿ ಗೊಬ್ಬರ ಪೂರ್ತಿ ಬಿಟ್ಟರೆ ಇಳುವರಿ ಬರುತ್ತಾ? ಮಾಡಿದವರು ಹೇಳಿ, ಸುಮ್ನೆ ಭಾಷಣ ಬೇಡ.

ಎರೆಹೊಲ_ರೋಣ:
ನಮ್ಮದು ಎರೆ ಹೊಲ, ಎಲ್ಲ ಮಳೆ ಮೇಲೇ. ಮುಂಗಾರಿಗೆ ಹೆಸರು, ಹಿಂಗಾರಿಗೆ ಕಡಲೆ. ಬೀಜಕ್ಕೆ ಬೀಜಾಮೃತ (ಸಗಣಿ, ಗೋಮೂತ್ರ, ಸುಣ್ಣದ ದ್ರಾವಣ) ಹಚ್ಚಿ ಬಿತ್ತುತ್ತೇವೆ, ಆಮೇಲೆ ಜೀವಾಮೃತ. ಇಳುವರಿ ಹೇಳಿಕೊಳ್ಳುವಷ್ಟು ಇಳಿದಿಲ್ಲ, ಖರ್ಚು ಮಾತ್ರ ಚೆನ್ನಾಗಿ ಇಳಿದಿದೆ. ಜೀವಾಮೃತಕ್ಕೆ ಎಕರೆಗೆ 200 ಲೀಟರ್ ನೀರು, 10 ಕಿಲೋ ಸಗಣಿ, 5ರಿಂದ 10 ಲೀಟರ್ ಗೋಮೂತ್ರ, 2 ಕಿಲೋ ಬೆಲ್ಲ, 2 ಕಿಲೋ ಕಡಲೆ ಹಿಟ್ಟು, ಒಂದು ಹಿಡಿ ಬದುವಿನ ಮಣ್ಣು. ಎರಡು ದಿನ ನೆರಳಲ್ಲಿಟ್ಟು ಕಲಕುತ್ತಿರಬೇಕು. ಶೂನ್ಯ ಬಂಡವಾಳ ಅನ್ನುವುದನ್ನು ನಂಬಬೇಡಿ ತಮ್ಮಾ, ಬೆಲ್ಲ ಯಾರು ಪುಕ್ಕಟೆ ಕೊಡುತ್ತಾರೆ?

ಧಾರವಾಡ_ಮಣ್ಣು:
ರೋಣದ ಅಣ್ಣ ಹೇಳಿದ್ದು ನಿಜ, ಆದರೆ ಅವರ ಬೆಳೆ ಯಾವುದು ನೋಡಿ. ಹೆಸರು, ಕಡಲೆ ಬೇರಿನ ಗಂಟುಗಳಲ್ಲಿ ರೈಜೋಬಿಯಂ ಅನ್ನೋ ಬ್ಯಾಕ್ಟೀರಿಯಾ ಇರುತ್ತದೆ, ಅದು ಗಾಳಿಯ ಸಾರಜನಕ ಹಿಡಿದು ಗಿಡಕ್ಕೆ ಕೊಡುತ್ತದೆ. ಗೋವಿನಜೋಳಕ್ಕೆ ಆ ಗಂಟಿಲ್ಲ. ಗಾಳಿಯಲ್ಲಿ ಶೇಕಡಾ 78 ಸಾರಜನಕವೇ ಇರಬಹುದು, ಅದು ಹಾಗೇ ಬೆಳೆಗೆ ದಕ್ಕುವುದಿಲ್ಲ. ಎಕರೆಗೆ 20 ಕ್ವಿಂಟಲ್ ಬೆಳೆದರೆ ಕಾಳಿನ ಜೊತೆಗೇ ಹೆಚ್ಚುಕಡಿಮೆ 30 ಕಿಲೋ ಸಾರಜನಕ ಹೊಲ ಬಿಟ್ಟು ಹೋಗುತ್ತದೆ, ಒಂದು ಡ್ರಮ್ ಜೀವಾಮೃತದಲ್ಲಿ ಇರುವುದು ಕಾಲು ಕಿಲೋ ಆಸುಪಾಸು. ಅದು ಗೊಬ್ಬರ ಅಲ್ಲ, ಮಣ್ಣಿನ ಸೂಕ್ಷ್ಮಜೀವಿ ಹೆಚ್ಚಿಸುವ ಹೆಪ್ಪು ಇದ್ದ ಹಾಗೆ ಅಂತ ಪಾಳೇಕರ್ ಕಡೆಯವರೇ ಹೇಳುತ್ತಾರೆ. ಸರಿ, ಆದರೆ ಹಾಲೇ ಇಲ್ಲದ ಪಾತ್ರೆಗೆ ಹೆಪ್ಪು ಹಾಕಿ ಏನು ಬಂತು? 2019ರ ಕೇಂದ್ರ ಬಜೆಟ್‌ನಲ್ಲಿ ಈ ಪದ್ಧತಿಯ ಹೆಸರು ಬಂದಾಗ ರಾಷ್ಟ್ರೀಯ ಕೃಷಿ ವಿಜ್ಞಾನಗಳ ಅಕಾಡೆಮಿಯವರು ಪುರಾವೆ ಸಾಲದು ಅಂತ ತಕರಾರು ಎತ್ತಿದ್ದರು. ಆದರೂ 2024ರಲ್ಲಿ ಕೇಂದ್ರ ಸರ್ಕಾರ ನೈಸರ್ಗಿಕ ಕೃಷಿ ಮಿಷನ್‌ಗೆ ರಾಜ್ಯಗಳ ಪಾಲೂ ಸೇರಿ 2,481 ಕೋಟಿ ರೂಪಾಯಿ ಗೊತ್ತುಮಾಡಿತು.

ಇನ್ನು ಆ ಪದ್ಧತಿಯ ಮುಚ್ಚಿಗೆ, ಅಂದರೆ ನೆಲ ಮುಚ್ಚುವಂತೆ ಕಸಕಡ್ಡಿ ಹಾಸುವುದು. ಕಣಿಕೆಯನ್ನೆಲ್ಲ (ಒಣ ದಂಟು) ಹೊಲಕ್ಕೇ ಹಾಸಿದರೆ ದನ ಏನು ತಿನ್ನಬೇಕು ಅಂತ ವಿಡಿಯೋದವರು ಹೇಳುವುದಿಲ್ಲ!

ಕೆಂಪು_ಬ್ಯಾಡಗಿ:
ಔಷಧಿ ಹೊಡೆಯದ ಬೆಳೆಗೆ ಹೆಚ್ಚಿನ ರೇಟಿನ ಆಸೆಯಿದ್ದರೆ ಬಿಡಿ. ನಮ್ಮ ಮಾರ್ಕೆಟ್‌ನಲ್ಲಿ ಮೆಣಸಿನಕಾಯಿ ಬಣ್ಣ ನೋಡುತ್ತಾರೆ, ಚೆನ್ನಾಗಿ ಒಣಗಿದೆಯಾ ನೋಡುತ್ತಾರೆ. ಔಷಧಿ ಹೊಡೆದಿಲ್ಲ ಅಂದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ. ಕಳೆ ತೆಗೆಯುವ ಕೂಲಿ ಬೇರೆ ಜಾಸ್ತಿ.

ರಾಣೆಬೆನ್ನೂರು_ಹುಡುಗ:
ಹಾಗಾದರೆ ಅಪ್ಪ ನಕ್ಕಿದ್ದೇ ಸರಿ ಅಲ್ವಾ? ನಡುವೆ ತೊಗರಿ ಸಾಲು ಹಾಕಿದರೆ ಹೇಗೆ?

ಧಾರವಾಡ_ಮಣ್ಣು:
ಪೂರ್ತಿ ಸರಿಯೇನಲ್ಲ, ಪ್ರತಿ ವರ್ಷ ಗೋವಿನಜೋಳವನ್ನೇ ಹಾಕುವುದೂ ತಪ್ಪೇ. ತೊಗರಿ ಹಾಕಿ, ಎಲೆ ಉದುರಿ ಮಣ್ಣಿಗೂ ಒಳ್ಳೆಯದು. ಆದರೆ ಅದರ ಲಾಭ ಹೆಚ್ಚಾಗಿ ಮುಂದಿನ ಬೆಳೆಗೆ, ಈ ವರ್ಷದ ಯೂರಿಯಾ ಪೂರ್ತಿ ತಪ್ಪುವುದಿಲ್ಲ. ಮೊದಲು ಮಣ್ಣು ಪರೀಕ್ಷೆ ಮಾಡಿಸಿ, ತಿಪ್ಪೆ ಗೊಬ್ಬರ ಹಾಕಿ, ಅರ್ಧ ಎಕರೆಯಲ್ಲಿ ಮಾತ್ರ ಸರ್ಕಾರಿ ಗೊಬ್ಬರ ಹಾಕದೆ ನೋಡಿ. ಅಷ್ಟಕ್ಕೆ ಅಪ್ಪನೂ ಬೇಡ ಅನ್ನಲಿಕ್ಕಿಲ್ಲ.