ಪದಚರ್ಚೆ: ಸಪೂರ ದಾರ, ಜಾಳು ಮತ್ತು ತೂತಲ್ಲದ ತೂತು

ಬಳಗದ ಎಲ್ಲರಿಗೂ ನಮಸ್ಕಾರ.

ಒಂದು ಪದ ಹುಡುಕಿಕೊಂಡು ಬಂದಿದ್ದೇನೆ. ಬರೆಯುತ್ತಾ ಹೋದ ಹಾಗೆ ಅದು ಮೂರು ನಾಲ್ಕಾಗಿದೆ. ಬೇಜಾರು ಮಾಡಿಕೊಳ್ಳಬೇಡಿ.

ನಮ್ಮ ಮನೆಯಲ್ಲಿ ಒಂದು ಹಳೆಯ ಹೆಣಿಗೆ ಯಂತ್ರ ಇದೆ. ಮೇಜಿನ ಮೇಲೆ ಉದ್ದಕ್ಕೆ ಕೂರುವ, ಸೂಜಿಗಳ ಮೇಲೆ ಅತ್ತಿಂದಿತ್ತ ಜಾರುವ ಗಾಡಿಯನ್ನು (ಕ್ಯಾರೇಜ್) ಕೈಯಿಂದ ತಳ್ಳುವ ಜಪಾನಿ ಯಂತ್ರ. ಸಾಲಾಗಿ 200 ಸೂಜಿ, ಒಂದರಿಂದ ಇನ್ನೊಂದಕ್ಕೆ 4.5 ಮಿ.ಮೀ. ದೂರ. ಧಾರವಾಡದ ಚಳಿಗೆಂದು ನಮ್ಮತ್ತೆ ಇದರಲ್ಲೇ ಮನೆಮಂದಿಗೆಲ್ಲ ಸ್ವೆಟರ್ ಹಾಕಿದವರು. ಈಗ ನಾನು ಅದರಲ್ಲಿ ಸಣ್ಣ ದಾರ ಹಾಕಿ ಲೇಸ್ ಬಟ್ಟೆ, ಅಂದರೆ ತೂತು ತೂತಿನ ವಿನ್ಯಾಸದ ಬಟ್ಟೆ, ಮಾಡಲು ಹೊರಟಿದ್ದೇನೆ. ನಮ್ಮ ಓಣಿಯ ನಾಲ್ಕು ಜನ ಕಲಿಯಲು ಬರುತ್ತಾರೆ. ಅವರಿಗೆ ಕನ್ನಡದಲ್ಲಿ ಎರಡು ಪುಟ ಬರೆದುಕೊಡೋಣ ಅಂತ ಕೂತೆ. ಮೊದಲ ಸಾಲಿನಲ್ಲೇ ಸಿಕ್ಕಿಹಾಕಿಕೊಂಡೆ.

'ತೆಳು ದಾರ ತೆಗೆದುಕೊಳ್ಳಿ' ಎಂದು ಬರೆದೆ. ಓದಿದರೆ ಏನೋ ಸರಿಯಿಲ್ಲ. ತೆಳು ಅನ್ನುವುದು ದೋಸೆಗೆ, ಹಾಳೆಗೆ, ಬಟ್ಟೆಗೆ ಹೊಂದುತ್ತದೆ. ಮಜ್ಜಿಗೆಗೂ ಹೊಂದುತ್ತದೆ. ದಾರ ಹಾಗೆ ಹರಡಿಕೊಂಡು ಇರುವ ವಸ್ತು ಅಲ್ಲವಲ್ಲ. 'ಸಣ್ಣ ದಾರ' ಅಂದರೆ ಅರ್ಥವಾಗುತ್ತದೆ, ಆದರೆ ಕಲಿಯಲು ಬಂದ ಒಬ್ಬರು 'ಎಷ್ಟು ಸಣ್ಣದು, ಒಂದು ಮಾರು ಸಾಕಾ?' ಎಂದು ಕೇಳಿದರು. ಉದ್ದ ಕಡಿಮೆ ಎಂದುಕೊಂಡಿದ್ದರು! 'ನವಿರು' ಚೆಂದದ ಪದ. ಆದರೆ ಅದರಲ್ಲಿ ಮುಟ್ಟಿದರೆ ಸಿಗುವ ಹಿತವೂ ಸೇರಿಕೊಂಡಿದೆ. ನಾನು ಬಳಸುವುದು ನೈಲಾನ್ ದಾರ. ಅದನ್ನು ನವಿರು ಅಂದರೆ ಬೆರಳು ಒಪ್ಪುವುದಿಲ್ಲ.

ನನ್ನ ತವರು ಉಡುಪಿ ಕಡೆ. ನಮ್ಮಲ್ಲಿ ಇದಕ್ಕೆ ಯೋಚಿಸಬೇಕಾದ್ದೇ ಇಲ್ಲ: ಸಪೂರ. ಸಪೂರ ಹಗ್ಗ, ಸಪೂರ ಕೋಲು, ಸಪೂರ ಹುಡುಗಿ. ಉದ್ದಕ್ಕಿದ್ದು ಸುತ್ತಳತೆ ಕಡಿಮೆ ಇರುವುದೆಲ್ಲ ಸಪೂರ. ಆದರೆ ಇಲ್ಲಿ ಆ ಪದ ಹೇಳಿದರೆ ಎಲ್ಲರೂ ನನ್ನ ಮುಖ ನೋಡುತ್ತಾರೆ. ಅತ್ತೆಯ ಬಾಯಲ್ಲಿ ಬರುವುದು 'ಬಾರೀಕ'. 'ಭಾಳ ಬಾರೀಕ ಅದ, ಹರೀತದ ನೋಡು' ಅಂತಾರೆ. ಅಂದಹಾಗೆ ಅವರ ಮಾತು ನಿಜವಾಯಿತು, ಹರಿಯಿತು.

ಇನ್ನು ಅಂಗಡಿಯವರ ಭಾಷೆ ಬೇರೆ. ಅವರಿಗೆ ಸಪೂರವೂ ಇಲ್ಲ, ಬಾರೀಕವೂ ಇಲ್ಲ. ಎಲ್ಲ 'ನಂಬರ್'. ಹತ್ತಿ ನೂಲಿನಲ್ಲಿ ನಂಬರ್ ಜಾಸ್ತಿಯಾದಷ್ಟೂ ನೂಲು ಸಪೂರ. ಒಂದು ಪೌಂಡು ತೂಕದಲ್ಲಿ 840 ಗಜದ ಲಡಿ (ನೂಲಿನ ಸುತ್ತು) ಎಷ್ಟು ಬರುತ್ತವೋ ಅದೇ ಅದರ ನಂಬರ್. ರೇಷ್ಮೆಯಲ್ಲಿ ಲೆಕ್ಕ ತಿರುಗುಮುರುಗು. ಅಲ್ಲಿ ಡೆನಿಯರ್, ಅಂದರೆ 9000 ಮೀಟರ್ ಎಳೆಯ ತೂಕ ಎಷ್ಟು ಗ್ರಾಂ ಎಂಬುದು. ಹಾಗಾಗಿ ಅಂಕಿ ಇಳಿದಷ್ಟೂ ಎಳೆ ಸಪೂರ. ಇದನ್ನು ಬರೆಯುವಾಗ, ಈ ನಂಬರಿಗೆ ಇಂಗ್ಲಿಷಿನಲ್ಲಿ ಹೇಳುವ 'ಕೌಂಟ್' ಬದಲು 'ಎಣಿಕೆ' ಎಂದು ಹಾಕಿ ನೋಡಿದೆ. ಹೆಣಿಗೆಯಲ್ಲಿ ಕುಣಿಕೆ ಎಣಿಸುವುದೇ ದಿನದ ಕೆಲಸ, ಸುಮ್ನೆ ಗೊಂದಲ. ನಂಬರ್ ಅಂತಲೇ ಬಿಟ್ಟೆ.

ಈಗ ನಿಜವಾದ ತೊಡಕಿಗೆ ಬರುತ್ತೇನೆ. ಈ ಯಂತ್ರದಲ್ಲಿ ಲೇಸ್ ಮಾಡುವುದಕ್ಕೆ ಎರಡು ದಾರಿ ಇವೆ.

ಮೊದಲನೆಯದರಲ್ಲಿ ಒಂದು ಸೂಜಿಯ ಕುಣಿಕೆಯನ್ನು ಎತ್ತಿ ಪಕ್ಕದ ಸೂಜಿಗೆ ದಾಟಿಸುತ್ತೇವೆ. ಬರಿದಾದ ಸೂಜಿಯನ್ನು ಕೆಲಸದಲ್ಲೇ ಬಿಟ್ಟು ಗಾಡಿ ತಳ್ಳಿದರೆ ಅಲ್ಲೊಂದು ತೂತು ಬೀಳುತ್ತದೆ. ಪಕ್ಕದ ಸೂಜಿ ಎರಡು ಕುಣಿಕೆ ಹೊರಬೇಕಲ್ಲ, ಅದಕ್ಕೇ ದಪ್ಪ ನೂಲಾದರೆ ಗಾಡಿ ಒದ್ದಾಡುತ್ತದೆ, ಸಪೂರ ನೂಲಾದರೆ ಸರಾಗ. ಇಲ್ಲಿ ಬೀಳುವುದು ನಿಜವಾದ ತೂತು, ಬೆಳಕು ಹಿಡಿದರೆ ಆಚೆ ಕಾಣುತ್ತದೆ.

ಎರಡನೆಯದು ಮೋಜಿನದು. ಗಾಡಿಗೆ ಒಟ್ಟಿಗೆ ಎರಡು ನೂಲು ಕೊಡುತ್ತೇವೆ, ಒಂದು ದಪ್ಪ, ಒಂದು ತೀರಾ ಸಪೂರ. ತೂತು ಕೊರೆದ ಕಾರ್ಡಿನ ಲೆಕ್ಕದಂತೆ ಕೆಲವು ಸೂಜಿಗಳು ಎರಡನ್ನೂ ಸೇರಿಸಿ ಹೆಣೆಯುತ್ತವೆ. ಉಳಿದವು ಸಪೂರ ದಾರವನ್ನಷ್ಟೇ ಹಿಡಿಯುತ್ತವೆ. ದಪ್ಪ ನೂಲು ಅಲ್ಲಿ ಕುಣಿಕೆಯಾಗದೆ ಹಿಂದಿನಿಂದ ಹಾದು ಹೋಗುತ್ತದೆ. ದೂರದಿಂದ ನೋಡಿದರೆ ಅಲ್ಲೆಲ್ಲ ತೂತು ಬಿದ್ದ ಹಾಗೆ ಕಾಣುತ್ತದೆ. ಹತ್ತಿರ ಹೋಗಿ ಬೆರಳು ಚುಚ್ಚಿದರೆ ಹೋಗುವುದಿಲ್ಲ. ತೂತೇ ಇಲ್ಲ! ಪಾರದರ್ಶಕ ನೈಲಾನ್ ಹಾಕಿದರಂತೂ ಕಣ್ಣಿಗೆ ಪೂರಾ ಮೋಸ.

ನನ್ನ ಪ್ರಶ್ನೆ: ಈ ಎರಡಕ್ಕೂ ಕನ್ನಡದಲ್ಲಿ ಬೇರೆ ಬೇರೆ ಏನೆನ್ನೋಣ?

'ಲೇಸ್' ಅಂತಲೇ ಇಡಿ ಅನ್ನಬಹುದು. ಇಟ್ಟುನೋಡಿದೆ. ನಮ್ಮ ಟೈಲರ್ ಅಂಗಡಿಗಳಲ್ಲಿ ಲೇಸ್ ಅಂದರೆ ಲಂಗದ ಅಂಚಿಗೆ ಹಚ್ಚುವ ಪಟ್ಟಿ. ಶೂ ಕಟ್ಟುವುದೂ ಲೇಸ್. 'ಲೇಸು' ಎಂದು ಕನ್ನಡದ ಉಕಾರ ಸೇರಿಸಿದರೆ 'ಒಳ್ಳೆಯದು' ಆಗಿಬಿಡುತ್ತದೆ. 'ಲೇಸು ಬಟ್ಟೆ' ಎಂದು ಬರೆದದ್ದನ್ನು ಅತ್ತೆ 'ಒಳ್ಳೆ ಅರಿವಿ' ಅಂತ ಓದಿ ನಕ್ಕರು. ಇಂಗ್ಲಿಷಿನ ಆ ಪದದ ಬೇರು ಹುಡುಕಿದರೆ ಇನ್ನೂ ತಮಾಷೆ. ಅದು ಹಳೆಯ ಫ್ರೆಂಚಿನ ಮೂಲಕ ಲ್ಯಾಟಿನ್ನಿನ 'ಲಾಕ್ವೆಯುಸ್'ಗೆ ಹೋಗುತ್ತದೆ. ಅದರ ಅರ್ಥ ಕುಣಿಕೆ, ಉರುಳು. ನಾವು ಹೆಣಿಗೆಯಲ್ಲಿ ಎಣಿಸುವುದೂ ಕುಣಿಕೆಯನ್ನೇ. ಹಾಗಂತ 'ಕುಣಿಕೆ ಬಟ್ಟೆ' ಅಂದರೆ ಕೇಳಿದವರು ಹೆದರಿಯಾರು.

'ಜಾಲರಿ' ಆಗಲಿಲ್ಲ. ಅದು ಕಿಟಕಿಗೆ, ಸೊಳ್ಳೆ ತಡೆಯಲು. 'ಕಸೂತಿ' ಎಂದು ಒಬ್ಬರು ಹೇಳಿದರು. ಧಾರವಾಡದಲ್ಲಿ ಕೂತು ಅದನ್ನು ಒಪ್ಪಿದರೆ ನನಗೆ ಊಟ ಸಿಗುವುದಿಲ್ಲ. ಕಸೂತಿ ಅಂದರೆ ಬಟ್ಟೆಯ ಮೇಲೆ ಹಾಕುವ ಹೊಲಿಗೆ, ಇಲ್ಲಿ ಬಟ್ಟೆಯೇ ಆಗುತ್ತಿರುವುದು. 'ನೇಯ್ಗೆ'ಯೂ ಅಲ್ಲ. ಹಾಸು ಹೊಕ್ಕು ಎರಡೂ ಇಲ್ಲದೆ ನೇಯ್ಗೆ ಎಲ್ಲಿಂದ ಬರಬೇಕು?

ನನಗೆ ತೋಚಿದ್ದು ಹೀಗೆ. ಮೀನಿನ ಬಲೆಯ ತೂತಿಗೆ ನಮ್ಮಲ್ಲಿ 'ಕಣ್ಣು' ಅನ್ನುತ್ತಾರೆ. ಸಣ್ಣ ಕಣ್ಣಿನ ಬಲೆ, ದೊಡ್ಡ ಕಣ್ಣಿನ ಬಲೆ. ಹಾಗಾದರೆ ಕುಣಿಕೆ ದಾಟಿಸಿ ನಿಜವಾದ ತೂತು ಮಾಡುವುದು 'ಕಣ್ಣಿನ ಹೆಣಿಗೆ'. ಒಂದೇ ತಕರಾರು, ಸೂಜಿ ಅಂದಕೂಡಲೇ ಜನ ಸೂಜಿಯ ಕಣ್ಣು ನೆನೆಯುತ್ತಾರೆ. ಈ ಯಂತ್ರದ ಸೂಜಿಗೆ ಕಣ್ಣೇ ಇಲ್ಲ. ತುದಿಯಲ್ಲಿ ಕೊಕ್ಕೆ, ಕೊಕ್ಕೆಯ ಬಾಯಿ ಮುಚ್ಚಲು ಪುಟ್ಟ ಚಿಲಕ, ಅಷ್ಟೇ. ಹಾಗಾಗಿ ಆ ಗೊಂದಲ ಜಾಸ್ತಿ ದಿನ ಉಳಿಯಲಾರದು.

ತೂತಲ್ಲದ ತೂತಿಗೆ 'ಜಾಳು'. ಜಾಳು ಅಂದರೆ ಎಳೆಗಳ ನಡುವೆ ಒತ್ತು ಇಲ್ಲದ್ದು, ಅಲ್ವಾ? ಅದು ದಾರದ ಗಾತ್ರದ ಮಾತಲ್ಲ. ಗೋಣಿಚೀಲದ ದಾರ ದಪ್ಪ, ಆದರೂ ಚೀಲ ಜಾಳು. ಒಳ್ಳೆ ರೇಷ್ಮೆ ಸೀರೆ ತೆಳು, ಆದರೆ ಜಾಳಲ್ಲ. ಯಂತ್ರದಲ್ಲೂ ಇದು ಕಾಣುತ್ತದೆ. ಅದೇ ಸಪೂರ ದಾರ ಹಾಕಿ, ಕುಣಿಕೆಯ ಗಾತ್ರ ಹೊಂದಿಸುವ ಗಾಡಿಯ ಡಯಲನ್ನು 1ಕ್ಕೆ ಇಟ್ಟರೆ ಬಟ್ಟೆ ಒತ್ತಾಗಿ ಬರುತ್ತದೆ. 7ಕ್ಕೆ ತಿರುಗಿಸಿದರೆ ಕುಣಿಕೆ ದೊಡ್ಡದಾಗಿ ಜಾಳಾಗುತ್ತದೆ. ಒಂದು ಸೂಜಿ ಬಿಟ್ಟು ಒಂದರಲ್ಲಿ ಹೆಣೆದರೆ ಇನ್ನೂ ಜಾಳು. ಹೀಗೆ ಸಪೂರ ದಾರಕ್ಕೆ, ತೆಳು ಬಟ್ಟೆಗೆ, ಜಾಳು ಸಂದಿಗೆ ಎಂದು ಹಂಚಿಕೊಟ್ಟರೆ ನನ್ನ ಎರಡು ಪುಟ ಸಲೀಸಾಗಿ ಮುಗಿಯುತ್ತದೆ.

ಆದರೆ ಅಳುಕು ಇಲ್ಲೇ ಇದೆ. ಅಂಗಡಿಯಲ್ಲಿ 'ಇದು ಜಾಳು, ಬೇಡ' ಎಂದು ಬಟ್ಟೆ ವಾಪಸ್ ಕೊಡುತ್ತೇವೆ. ಹುರುಳಿಲ್ಲದ ಬರಹಕ್ಕೂ ಜಾಳುಜಾಳು ಅನ್ನುತ್ತೇವೆ. ಒಂದು ವಾರ ಕೂತು, ಮೂರು ಸಲ ಕುಣಿಕೆ ಜಾರಿ, ಕೊನೆಗೆ ದಾರಕ್ಕೆ ಮೇಣ ಸವರಿ ಮಾಡಿದ ಶಾಲನ್ನು ಜಾಳು ಎಂದು ಕರೆಯಲು ಮನಸ್ಸು ಬರುತ್ತಿಲ್ಲ. ನಿಮ್ಮೂರ ಕಡೆ ಜಾಳು ಅನ್ನುವುದನ್ನು ಮೆಚ್ಚಿ ಹೇಳುವ ರೂಢಿ ಇದೆಯೇ? ಬೇಸಿಗೆಯ ಬಟ್ಟೆಗೆ, ಪಂಚೆಗೆ, ತೊಟ್ಟಿಲ ಬಟ್ಟೆಗೆ? ಇಳಕಲ್ಲು, ಗುಳೇದಗುಡ್ಡ, ಮೊಳಕಾಲ್ಮೂರು ಕಡೆಯ ನೇಕಾರ ಮನೆಯವರು ಬಳಗದಲ್ಲಿದ್ದರೆ ದಯವಿಟ್ಟು ಹೇಳಿ. ಮಗ್ಗದಲ್ಲಿ ಬೇಕೆಂದೇ ಸಂದಿ ಬಿಟ್ಟು ನೇಯ್ದರೆ ಅದಕ್ಕೆ ಏನನ್ನುತ್ತೀರಿ?

ಹಾಗೆಯೇ 'ಸಪೂರ' ಕರಾವಳಿ ಬಿಟ್ಟು ಎಲ್ಲಿಯವರೆಗೆ ಓಡಾಡುತ್ತದೆ ಎಂದೂ ತಿಳಿಸಿ. ಶಿವಮೊಗ್ಗದವರಿಗೆ ಗೊತ್ತಾಯಿತು, ದಾವಣಗೆರೆಯವರಿಗೆ ಆಗಲಿಲ್ಲ. ಸದ್ಯ ನನ್ನ ಹಾಳೆಯಲ್ಲಿ 'ಸಪೂರ (ಬಾರೀಕ) ದಾರ' ಎಂದು ಪೆನ್ನಿನಲ್ಲೂ 'ಜಾಳು ಹೆಣಿಗೆ' ಎಂದು ಪೆನ್ಸಿಲಿನಲ್ಲೂ ಬರೆದಿಟ್ಟಿದ್ದೇನೆ.